ಬಾರದ ಉತ್ತರವನ್ನು ನಾವೇ ಬರೆದುಬಿಟ್ಟರೆ: ಫ್ಲಾಸ್ಕ್ ಫಾರ್ಮ್‌ನಲ್ಲಿ ಕಾಣೆಯಾದ ಮಾಹಿತಿ

ಧ್ವನಿ ಕೇಳ್ತದೆ ಅಂದುಕೊಂಡು ಶುರು ಮಾಡ್ತೇನೆ. ನನ್ನ ವಿಷಯ ಮೇಲ್ನೋಟಕ್ಕೆ ಪ್ರೋಗ್ರಾಮಿಂಗ್‌ನ ಸಣ್ಣ ತೊಡಕು. ಗಡಿನಾಡಿನ ಭಾಷೆಗಳನ್ನು ಲೆಕ್ಕ ಹಾಕಲು ಹೊರಟವರಿಗೆ ಅದು ಸಣ್ಣದಲ್ಲ ಅಂತ ನನಗೆ ತಡವಾಗಿ ಗೊತ್ತಾಯ್ತು.

ಕಾಸರಗೋಡಿನ ನಮ್ಮ ಊರಿನಲ್ಲಿ ಮನೆಮಾತಿನ ಸಮೀಕ್ಷೆಗಾಗಿ ಪೈಥಾನ್‌ನ ಫ್ಲಾಸ್ಕ್ ಬಳಸಿ ಒಂದು ಫಾರ್ಮ್ ಮಾಡಿದ್ದೆ. ವಾರ್ಡಿನ ಹೆಸರು ಬರೆಯಲು ಒಂದು ಖಾನೆ. ಮನೆಮಾತಿಗೆ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಮರಾಠಿ ಎಂಬ ರೇಡಿಯೋ ಬಟನ್‌ಗಳು. ನನ್ನ ಫೋನಿನಲ್ಲಿ ಚೆನ್ನಾಗಿಯೇ ನಡೆಯಿತು. ಊರವರಿಗೆ ಕೊಟ್ಟ ದಿನವೇ ಕೆಲವರಿಗೆ '400 ಬ್ಯಾಡ್ ರಿಕ್ವೆಸ್ಟ್' ಎಂಬ ಬಿಳಿ ಪುಟ ಬಂತು.

ಕಾರಣ ಸರಳ. ರಿಕ್ವೆಸ್ಟ್.ಫಾರ್ಮ್["ಮನೆಮಾತು"] ಅಂತ ಕೇಳಿದಾಗ ಆ ಕೀ ಇಲ್ಲದಿದ್ದರೆ ಫ್ಲಾಸ್ಕ್ ಬ್ಯಾಡ್‌ರಿಕ್ವೆಸ್ಟ್‌ಕೀಎರರ್ ಎಸೆಯುತ್ತದೆ. ಬ್ರೌಸರಿಗೆ ಅದು 400 ಆಗಿ ಕಾಣಿಸುತ್ತದೆ. ನಾನು ಕೂಡಲೇ ಹೀಗೆ ತಿದ್ದಿದೆ: ರಿಕ್ವೆಸ್ಟ್.ಫಾರ್ಮ್.ಗೆಟ್("ಮನೆಮಾತು", "ಕನ್ನಡ"). ದೋಷ ಮಾಯವಾಯ್ತು. ಪಟ್ಟಿಯಲ್ಲಿ ಕನ್ನಡದ ಮನೆಗಳು ಜಾಸ್ತಿ ಕಂಡವು. ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಆ ಪಟ್ಟಿಯಲ್ಲಿ ನೆರೆಮನೆ ಅಜ್ಜಿಯ ಸಾಲು ಕಣ್ಣಿಗೆ ಬಿತ್ತು: ಮನೆಮಾತು ಕನ್ನಡ. ಅವರು ಮನೆಯಲ್ಲಿ ಆಡುವುದು ಮರಾಠಿ. ಮಕ್ಕಳನ್ನು ಕಳಿಸಿದ್ದು ಕನ್ನಡ ಶಾಲೆಗೆ. ಕೇಳಿದೆ. "ಯಾವುದನ್ನು ಒತ್ತುವುದು ಮಗಾ, ಎರಡೂ ನಮ್ಮದೇ ಅಲ್ವಾ? ಅದಕ್ಕೆ ಬಿಟ್ಟೆ" ಅಂದರು. ಅವರು ಬಿಟ್ಟದ್ದನ್ನು ನನ್ನ ಒಂದು ಸಾಲು ಕೋಡ್ ತುಂಬಿಬಿಟ್ಟಿತ್ತು. ಗಡಿಯಲ್ಲಿ ನಮ್ಮನ್ನು ಸರಿಯಾಗಿ ಎಣಿಸಿಲ್ಲ ಅಂತ ದೂರುವ ನಾನೇ ಇನ್ನೊಬ್ಬರ ಮನೆಮಾತನ್ನು ಅಳಿಸಿದ್ದೆ.

ಇಲ್ಲಿ ಬಿಡಿಸಿ ನೋಡಬೇಕಾದ ಸಂಗತಿಗಳು ಮೂರು.

ಒಂದು, ಖಾಲಿ ಉತ್ತರ. ಪಠ್ಯದ ಖಾನೆಯಲ್ಲಿ ಏನೂ ಬರೆಯದಿದ್ದರೂ ಬ್ರೌಸರ್ ಆ ಕೀಯನ್ನು ಖಾಲಿ ಸ್ಟ್ರಿಂಗ್ ಜೊತೆ ಕಳಿಸ್ತದೆ. ದೋಷ ಬರುವುದಿಲ್ಲ, ಖಾಲಿಯೋ ಅಂತ ನಾವೇ ನೋಡಬೇಕು.

ಎರಡು, ಆಯ್ಕೆ ಮಾಡದಿರುವುದು. ಒತ್ತದ ರೇಡಿಯೋ ಬಟನ್, ಗುರುತು ಹಾಕದ ಚೆಕ್‌ಬಾಕ್ಸ್ ಇವುಗಳ ಕೀ ಬರುವುದೇ ಇಲ್ಲ. ಇಲ್ಲಿ ಎರಡನೇ ಬೆಲೆ ಕೊಡದೆ ಗೆಟ್ ಬಳಸಿದರೆ ನನ್ ಸಿಗ್ತದೆ. ಡೇಟಾಬೇಸಿನಲ್ಲಿ ಅದನ್ನು ನಲ್ ಆಗಿಯೇ ಇಡಿ.

ಮೂರು, ನಮ್ಮದೇ ತಪ್ಪು. ಪಠ್ಯದ ಖಾನೆಯ ಕೀಯೇ ಬರಲಿಲ್ಲವೆಂದರೆ ಹೆಚ್ಚಾಗಿ ಟೆಂಪ್ಲೇಟಿನಲ್ಲಿ ನೇಮ್ ಬರೆಯದೆ ಐಡಿ ಮಾತ್ರ ಬರೆದಿರುತ್ತೇವೆ, ಕಾಗುಣಿತ ತಪ್ಪಿರುತ್ತದೆ, ಇಲ್ಲವೇ ಖಾನೆ ಡಿಸೇಬಲ್ಡ್ ಆಗಿರುತ್ತದೆ. ಇಂಥ ಕಡೆ ಚೌಕ ಆವರಣವೇ ಇರಲಿ, 400 ಬರಲಿ, ಲಾಗ್‌ನಲ್ಲಿ ದಾಖಲಾಗಲಿ. ಡೀಬಗ್ ಮೋಡ್‌ನಲ್ಲಿ ಯಾವ ಕೀ ಇಲ್ಲ ಅಂತಲೂ ತೋರಿಸ್ತದೆ. ಎಲ್ಲ ಕಡೆ ಗೆಟ್ ಬಳಸಿದರೆ ನಮ್ಮ ತಪ್ಪು ನಮಗೇ ಕಾಣುವುದಿಲ್ಲ.

"ಎಚ್‌ಟಿಎಂಎಲ್‌ನಲ್ಲಿ ರಿಕ್ವೈರ್ಡ್ ಅಂತ ಹಾಕಿದರೆ ಸಾಕಲ್ವಾ?" ಅಂತ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. ಸಾಲದು. ಅದು ಬ್ರೌಸರಿನ ತಡೆ ಮಾತ್ರ. ಬ್ರೌಸರ್ ಇಲ್ಲದೆಯೂ ಸರ್ವರಿಗೆ ಮಾಹಿತಿ ಕಳಿಸಬಹುದು, ಆದ್ದರಿಂದ ಅಲ್ಲಿಯೂ ಪರೀಕ್ಷೆ ಬೇಕು. ಅದಕ್ಕಿಂತ ಮುಖ್ಯ, ಅಜ್ಜಿಯಂಥವರನ್ನು ಒಂದೇ ಬಟನ್ ಒತ್ತಲು ಬಲವಂತ ಮಾಡಿದ ಹಾಗಾಗ್ತದೆ.

ಈಗ ಮನೆಮಾತಿಗೆ ಚೆಕ್‌ಬಾಕ್ಸ್ ಇಟ್ಟು ಗೆಟ್‌ಲಿಸ್ಟ್‌ನಿಂದ ಓದುತ್ತೇನೆ. ಎಷ್ಟು ಭಾಷೆ ಬೇಕಾದರೂ ಗುರುತಿಸಬಹುದು. 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆಯೂ ಉಂಟು. ಪಟ್ಟಿ ಖಾಲಿಯಾಗಿ ಬಂದರೆ, ತುಂಬಿದ್ದನ್ನು ಉಳಿಸಿಕೊಂಡೇ ಅದೇ ಫಾರ್ಮನ್ನು ಕನ್ನಡದ ಒಂದು ಸೂಚನೆಯೊಂದಿಗೆ ಮರಳಿ ತೋರಿಸುತ್ತೇನೆ.

ಹಳೆಯ ಸಾಲುಗಳಲ್ಲಿ ಯಾವ 'ಕನ್ನಡ' ಅವರದ್ದು, ಯಾವುದು ನನ್ನದು ಅಂತ ಬೇರ್ಪಡಿಸಲು ದಾರಿಯೇ ಇರಲಿಲ್ಲ. ಹಾಗಾಗಿ ಪುನಃ ಮನೆಮನೆಗೆ ಹೋದೆ. ಕನ್ನಡದ ಲೆಕ್ಕ ಮೊದಲಿಗಿಂತ ಕಡಿಮೆ ಬಂತು. ಆದರೆ ಈ ಲೆಕ್ಕವನ್ನು ಯಾರ ಎದುರಿಗೂ ಇಡಬಲ್ಲೆ. ಪ್ರಶ್ನೆಗಳಿದ್ದರೆ ಕೇಳಿ.