ಕುರಿ ಕಾಯುವ ನಾಯಿಯ ಕಾಲುನೋವಿಗೆ ಲೇಸರ್ ಬೆಳಕಿನ ಚಿಕಿತ್ಸೆ

ಯಲಬುರ್ಗಾ ತಾಲ್ಲೂಕಿನ ಬೇವೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಒಣಬೇಸಾಯದ ಜೊತೆಗೆ ಕುರಿ ಸಾಕಣೆಯೂ ನಡೆದುಬಂದಿದೆ. ಕುರಿ ಇದ್ದಲ್ಲಿ ನಾಯಿ ಇರಲೇಬೇಕು. ಕೊಪ್ಪಳ ಜಿಲ್ಲೆಯ ಗುಡ್ಡ ಮತ್ತು ಕುರುಚಲು ಕಾಡುಗಳಲ್ಲಿ ಇಂದಿಗೂ ತೋಳಗಳಿವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅವುಗಳಿಗೆಂದೇ ತೋಳಧಾಮವಾಗಿದೆ. ರಾತ್ರಿಯೆಲ್ಲ ಹಟ್ಟಿ ಕಾಯುವ ನಾಯಿಗೆ ತೋಳದ ಕಡಿತ, ಜಾಲಿಮುಳ್ಳು, ರಸ್ತೆ ದಾಟುವಾಗ ವಾಹನದ ಪೆಟ್ಟು ತಪ್ಪಿದ್ದಲ್ಲ. ಎತ್ತು ಕುಂಟಿದರೆ ಮನೆಮಂದಿಯೆಲ್ಲ ಸೇರಿ ನೋಡುತ್ತಾರೆ, ನಾಯಿ ಕುಂಟಿದರೆ ಕೇಳುವವರು ಕಡಿಮೆ. ಬಹಳವೆಂದರೆ ಕಬ್ಬಿಣ ಕಾಯಿಸಿ ಬರೆ ಹಾಕುತ್ತಾರೆ, ಇಲ್ಲವೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸುತ್ತಾರೆ. ಇವೆರಡೂ ಅಪಾಯಕರ.

ಈಚಿನ ವರ್ಷಗಳಲ್ಲಿ ದೊಡ್ಡ ಊರುಗಳ ಕೆಲವು ಪಶುಚಿಕಿತ್ಸಾಲಯಗಳಲ್ಲಿ ನಾಯಿಗಳ ನೋವಿಗೆ ‘ತಂಪು ಲೇಸರ್’ ಚಿಕಿತ್ಸೆ ಕೊಡುತ್ತಿದ್ದಾರೆ. ಇದರ ಗುಣವೆಷ್ಟು, ಮಿತಿಯೆಷ್ಟು ಎಂಬುದನ್ನು ನಾಯಿ ಸಾಕಿದವರು ತಿಳಿದಿರುವುದು ಒಳ್ಳೆಯದು.

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿಗೆ ಹರಿಯುವ ಬೆಳಕು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಲೇಸರ್ ಮಾಂಸವನ್ನು ಸುಟ್ಟು ಕತ್ತರಿಸುತ್ತದೆ. ತಂಪು ಲೇಸರ್ ಕಡಿಮೆ ಬಲದ್ದಾದುದರಿಂದ ಸುಡುವುದಿಲ್ಲ. ಇದರ ಗುಣ ಮೊದಲು ಕಂಡದ್ದು ಆಕಸ್ಮಿಕವಾಗಿ. 1967ರ ಸುಮಾರಿಗೆ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಅವರು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಲೇಸರ್ ಬೆಳಕು ಬಿಟ್ಟಾಗ, ಆ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಮುಂದೆ ಗಾಯ ಮಾಯುವುದಕ್ಕೂ ಇದನ್ನು ಪ್ರಯೋಗಿಸಿದರು.

ಚಿಕಿತ್ಸೆಗೆ ಬಳಸುವುದು ಸಾಮಾನ್ಯವಾಗಿ 600ರಿಂದ 1000 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಹಾಗೂ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು. ಇದು ಚರ್ಮದೊಳಗೆ ಇಳಿದು ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಭಾಗಗಳನ್ನು ಚುರುಕುಗೊಳಿಸುತ್ತದೆ. ಅದರಿಂದ ಬಾವು ಮತ್ತು ನೋವು ಇಳಿಯುತ್ತವೆ ಎಂಬುದು ಈಗಿನ ವಿವರಣೆ. ಬೆಳಕಿನ ಪ್ರಮಾಣವನ್ನು ಜೂಲ್‌ಗಳಲ್ಲಿ ಅಳೆಯುತ್ತಾರೆ. ಉದಾಹರಣೆಗೆ, ಅರ್ಧ ವ್ಯಾಟಿನ ಯಂತ್ರ ಸೆಕೆಂಡಿಗೆ ಅರ್ಧ ಜೂಲ್ ಕೊಡುತ್ತದೆ. 20 ಚದರ ಸೆಂ.ಮೀ. ಜಾಗಕ್ಕೆ ಚದರ ಸೆಂ.ಮೀ.ಗೆ 4 ಜೂಲ್‌ನಂತೆ ಒಟ್ಟು 80 ಜೂಲ್ ಬೇಕಾದರೆ 160 ಸೆಕೆಂಡು ಹಿಡಿಯಬೇಕಾಗುತ್ತದೆ. ಮೇಲಿನ ಗಾಯಕ್ಕೆ ಕಡಿಮೆ, ಆಳದ ಕೀಲಿಗೆ ಹೆಚ್ಚು ಪ್ರಮಾಣ ಬೇಕು. ಮಿತಿ ಮೀರಿ ಕೊಟ್ಟರೆ ಲಾಭ ಹೆಚ್ಚದೆ ಕುಗ್ಗುವುದೂ ಉಂಟು. ಕಪ್ಪು ಕೂದಲು ಬೆಳಕನ್ನು ಬೇಗ ಹೀರಿ ಬಿಸಿಯಾಗುವುದರಿಂದ, ಹೆಚ್ಚು ಬಲದ ಯಂತ್ರವನ್ನು ಕರಿ ನಾಯಿಯ ಮೇಲೆ ಒಂದೇ ಕಡೆ ನಿಲ್ಲಿಸಬಾರದು.

ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ನಾಯಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಲೇಸರ್ ಪಡೆದ ನಾಯಿಗಳು ಬೇಗ ಎದ್ದು ನಡೆದವು. ಅಂಥದೇ ನಾಯಿಗಳ ಮೇಲಿನ 2017ರ ಇನ್ನೊಂದು ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ಬೇರೆ ಚಿಕಿತ್ಸೆಯ ಜೊತೆಗಿನ ಸಹಾಯಕವೆಂದು ತಿಳಿಯಬೇಕೇ ಹೊರತು ಅದೊಂದೇ ಸಾಕೆಂದು ನಂಬಬಾರದು. ವಯಸ್ಸಾದ ನಾಯಿಯ ಕೀಲುನೋವು, ಉಳುಕು, ಬೇಗ ಮಾಯದ ಗಾಯ ಇವುಗಳಿಗೆ ಪ್ರಯತ್ನಿಸಬಹುದು. ಮುರಿದ ಎಲುಬನ್ನಾಗಲಿ ಜಾರಿದ ಕೀಲನ್ನಾಗಲಿ ಬೆಳಕು ಕೂಡಿಸಲಾರದು. ಗಡ್ಡೆ ಇರುವ ಜಾಗಕ್ಕೆ, ಗಬ್ಬದ ನಾಯಿಯ ಹೊಟ್ಟೆಗೆ, ಕಣ್ಣಿಗೆ ಇದನ್ನು ತೋರಿಸಲೇಬಾರದು. ಚಿಕಿತ್ಸೆಯ ವೇಳೆ ವೈದ್ಯರೂ ನಾಯಿ ಹಿಡಿದವರೂ ಆ ಯಂತ್ರಕ್ಕೆ ತಕ್ಕ ಕನ್ನಡಕ ಹಾಕಿರಬೇಕು, ನಾಯಿಯ ಕಣ್ಣನ್ನೂ ಮುಚ್ಚಬೇಕು.

ಹೀಗಾಗಿ ಲೇಸರಿಗಿಂತ ಮೊದಲು ನೋವಿನ ಮೂಲ ತಿಳಿಯಬೇಕು. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ, ಕೂಗಿ ಹೇಳುವುದು ಕಡಿಮೆ. ಹಿಂಡಿನ ಹಿಂದೆ ಬೀಳುವುದು, ಬದು ಹಾರಲು ಅನುಮಾನಿಸುವುದು, ಒಂದೇ ಜಾಗ ನೆಕ್ಕುತ್ತಿರುವುದು ನೋವಿನ ಗುರುತುಗಳು. ಬೆಳಿಗ್ಗೆ ಏಳುವಾಗ ಕಾಲು ಬಿಗಿದಿದ್ದು ನಡೆದಂತೆ ಸಡಿಲವಾದರೆ ಕೀಲಿನ ಬೇನೆ ಇರಬಹುದು. ಕಾಲನ್ನು ನೆಲಕ್ಕೆ ಊರದಿದ್ದರೆ ಮೊದಲು ಪಾದದ ಮೆತ್ತೆ ಮತ್ತು ಬೆರಳ ಸಂದುಗಳನ್ನು ನೋಡಿ. ಎಷ್ಟೋ ಸಲ ಒಂದು ಜಾಲಿಮುಳ್ಳು ತೆಗೆದರೆ ಕುಂಟು ಅಲ್ಲಿಗೇ ಮುಗಿಯುತ್ತದೆ, ಯಾವ ಯಂತ್ರವೂ ಬೇಕಾಗುವುದಿಲ್ಲ.

ಪೆಟ್ಟು ಬಿದ್ದ ನಾಯಿ ಸಾಕಿದವನನ್ನೂ ಕಚ್ಚಬಲ್ಲದು. ಉಸಿರಾಟ ಸರಿಯಿದ್ದು ವಾಂತಿ ಇಲ್ಲದಿದ್ದರೆ ಮೂತಿಗೆ ಬಟ್ಟೆ ಕಟ್ಟಿ, ಹಲಗೆ ಇಲ್ಲವೆ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೆ ಮಲಗಿಸಿ ಸಾಗಿಸಿರಿ. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಲುಬು ಜಗ್ಗಿ ಕೂಡಿಸುವ ಸಾಹಸ ಬೇಡ. ತೋಳವಾಗಲಿ ಬೀದಿನಾಯಿಯಾಗಲಿ ಕಚ್ಚಿದ್ದರೆ ಕೈಗೆ ರಬ್ಬರ್ ಗವಸು ಹಾಕಿಕೊಂಡು ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಹುಚ್ಚುನಾಯಿ ರೋಗದ ಲಸಿಕೆಗಾಗಿ ತಡಮಾಡದೆ ಪಶುವೈದ್ಯರಲ್ಲಿ ಒಯ್ಯಿರಿ. ನಾಯಿಯ ಜೊಲ್ಲು ನಿಮ್ಮ ಕೈಯ ಗಾಯಕ್ಕೆ ತಗುಲಿದ್ದರೆ ನೀವೂ ಆಸ್ಪತ್ರೆಗೆ ಹೋಗತಕ್ಕದ್ದು.

ಮನುಷ್ಯರ ನೋವಿನ ಗುಳಿಗೆಗಳನ್ನು ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಘಾತ. ಬರೆಯಿಂದ ಕೀಲು ವಾಸಿಯಾಗುವುದಿಲ್ಲ. ಸುಟ್ಟ ಚರ್ಮದಲ್ಲಿ ಹುಳು ಬಿದ್ದು ಒಂದು ನೋವು ಎರಡಾಗುತ್ತದೆ.

ಲೇಸರ್ ಒಂದು ದಿನದ ಕೆಲಸವಲ್ಲ. ಸಾಮಾನ್ಯವಾಗಿ ಮೊದಲು ವಾರಕ್ಕೆ ಎರಡು ಮೂರು ಸಲ ಕೊಟ್ಟು, ಗುಣ ಕಂಡಂತೆ ಅಂತರ ಹೆಚ್ಚಿಸುತ್ತಾರೆ. ಹಿಂಡಿನೊಡನೆ ತಿಂಗಳುಗಟ್ಟಲೆ ವಲಸೆ ಹೋಗುವ ಕುರಿಗಾರರಿಗೆ ಇದು ಹೊಂದುವುದು ಕಷ್ಟ. ಅಂಥವರು ಕುಂಟುವ ನಾಯಿಯನ್ನು ಊರಲ್ಲಿ ಬಿಟ್ಟು ನೆರಳಿನಲ್ಲಿ ಕಟ್ಟಿ ವಿಶ್ರಾಂತಿ ಕೊಡುವುದೇ ಮೇಲು. ಊರಲ್ಲೇ ಇರುವವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಕ್ಷ-ಕಿರಣ ಚಿತ್ರ ತೆಗೆಸಿ. ಗದಗಿನ ಪಶುವೈದ್ಯಕೀಯ ಕಾಲೇಜು ಈ ಭಾಗಕ್ಕೆ ದೂರವೇನಲ್ಲ. ಲೇಸರ್ ಯಂತ್ರ ಎಲ್ಲ ಕಡೆಯೂ ಇರುವುದಿಲ್ಲವಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ನಾಲ್ಕಾರು ಸಲ ಕೊಟ್ಟರೂ ನಡಿಗೆ ಸುಧಾರಿಸದಿದ್ದರೆ ಇನ್ನಷ್ಟು ಹಣ ಸುರಿಯದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿರಿ. ಮಕ್ಕಳು ಆಡುವ ಕೆಂಪು ಲೇಸರ್ ಕಡ್ಡಿಯನ್ನು ನಾಯಿಯ ಮೇಲೆ ಹಿಡಿದರೆ ನೋವು ಹೋಗುವುದಿಲ್ಲ, ಕಣ್ಣಿಗೆ ಬಿದ್ದರೆ ಅಪಾಯ.