ಮನೆಯ ಹಿಂದಣ ಓಣಿ

ಊರಂಚಿನ ಹೊಸ ಬಡಾವಣೆಯ ನಕ್ಷೆ ಕೈಗೆ ಬಂದರೆ ಜನ ಮೊದಲು ನೋಡುವುದು ನಿವೇಶನದ ಅಳತೆಯನ್ನು. ನಾನು ಹಿತ್ತಿಲ ಕಡೆ ನೋಡುತ್ತೇನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯನ್ನು ತೊರೆದ ಅನೇಕರಿಗೆ, ಮೊದಲೇ ಗೊತ್ತುಮಾಡಿದ್ದ ಮಲ್ಲೇಶ್ವರ, ಬಸವನಗುಡಿಗಳು ಆಸರೆಯಾದವು. ನೇರವಾದ ಬೀದಿ, ಗಾಳಿ ಬೆಳಕು, ಮರದ ನೆರಳು, ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ನಕ್ಷೆಗಾರರು ಕಿರಿದಾದ ಓಣಿಯೊಂದನ್ನೂ ಎಳೆದಿದ್ದರು. ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದುಹೋಗಲು ಅದು. ಒಳಚರಂಡಿ ಬಂದಿತು, 1993ರಲ್ಲಿ ಆ ದುಡಿಮೆಯನ್ನು ನಿಷೇಧಿಸುವ ಕೇಂದ್ರದ ಕಾಯಿದೆಯೂ ಆಯಿತು. ಓಣಿಗಳು ಉಳಿದಿವೆ, ಕೆಲವಕ್ಕೆ ಈಚೆಗೆ ಚಿತ್ರ ಬರೆದಿದ್ದಾರೆ, ನೋಡಲು ಚೆನ್ನಾಗಿದೆ. ಹೊಸ ನಕ್ಷೆಗಳಲ್ಲಿ ನಾನು ಹುಡುಕುವುದು, ಬೆಳಿಗ್ಗೆ ಕಸ ಒಯ್ದವಳು ಸಂಜೆ ಹಿಂತಿರುಗುವ ಮನೆಯನ್ನು. ದುರ್ಬಲ ವರ್ಗದವರಿಗೆಂದು ಬರೆದ ಮೂಲೆಯಲ್ಲಿ ಅದು ಸಿಕ್ಕೀತು. ಆಮೇಲೆ, ಆ ಮೂಲೆಯ ತನಕ ರಸ್ತೆ ಹೋಗಿದೆಯೇ ಎಂದು ಬೆರಳಿಟ್ಟು ನೋಡುತ್ತೇನೆ.