‘ಸಾರ್ವಜನಿಕ ಉದ್ದೇಶ’: ಒಂದು ಪದದ ಅರ್ಥವಿಚಾರ

ದಾನಶಾಸನಗಳ ಅಂತ್ಯದಲ್ಲಿ ಬರುವ ಶಾಪವಾಕ್ಯವು ವಾಚಕರಿಗೆ ಪರಿಚಿತವಾದದ್ದು. ತಾನಿತ್ತುದಾಗಲಿ ಪರರಿತ್ತುದಾಗಲಿ, ದತ್ತಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನೆಂಬದು ಅದರ ತಾತ್ಪರ್ಯ. ಅರಸನೂ ಅದಕ್ಕೆ ಹೊರತಲ್ಲ. ಅಲ್ಲಿ ಪ್ರಭುವಿನ ಕೈಯನ್ನು ತಡೆಯುವದು ಧರ್ಮಭೀತಿ. ಇಂದಿನ ಕಾಯದೆಯಲ್ಲಿ ಆ ಸ್ಥಾನವು ‘ಸಾರ್ವಜನಿಕ ಉದ್ದೇಶ’ವೆಂಬ ಮಾತಿಗೆ ಸಂದಿದೆ. ಆ ಮಾತಿನ ಕಟ್ಟು ಸಡಿಲವಾದ ಬಗೆ ವಿಚಾರಾರ್ಹವಾಗಿದೆ.

ಬ್ರಿಟಿಷ್ ಆಳಿಕೆಯ ಪ್ರಾಂತಗಳಲ್ಲಿ 1894ರ ಭೂಸ್ವಾಧೀನ ಕಾಯದೆಯೂ, ದೋರನಹಳ್ಳಿ, ಶಹಾಪುರ, ಸುರಪುರಗಳನ್ನೊಳಗೊಂಡ ನಿಜಾಮ ಸೀಮೆಯಲ್ಲಿ ಫಸಲಿ 1309ರ ಕಾಯದೆಯೂ ನಡೆಯುತ್ತಿದ್ದವು. 1894ರ ಕಾಯದೆಯು ಕಂಪನಿಗಳ ಸಲುವಾಗಿ ಭೂಮಿ ಪಡೆಯುವ ವಿಧಿಯನ್ನು ಬೇರೊಂದು ಭಾಗದಲ್ಲಿಟ್ಟು, ಕಂಪನಿಯು ಸರಕಾರದೊಡನೆ ಕರಾರು ಮಾಡಿಕೊಳ್ಳಬೇಕೆಂದು ವಿಧಿಸಿತ್ತು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯದೆಯಾದರೋ ನಡುವೆ ಒಂದು ಮಂಡಳಿಯನ್ನು ನಿಲ್ಲಿಸಿತು. ಸರಕಾರವು ಭೂಮಿಯನ್ನು ವಶಪಡಿಸಿಕೊಂಡು ಮಂಡಳಿಗೆ ಒಪ್ಪಿಸುವದು. ಮಂಡಳಿಯು ಅದನ್ನು ನಿವೇಶನಗಳಾಗಿ ಮಾಡಿ ಉದ್ಯಮಿಗಳಿಗೆ ಹಂಚುವದು. ಮೊದಲ ಹೆಜ್ಜೆ ಸಾರ್ವಜನಿಕ. ಕಡೆಯ ಹಿಡುವಳಿದಾರನು ಖಾಸಗಿ.

ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಪ್ರದೇಶದಲ್ಲಿ ಈ ಮಾರ್ಗವಾಗಿಯೇ 3,000 ಎಕರೆಗೂ ಮಿಕ್ಕ ಭೂಮಿಯು ಮಂಡಳಿಗೆ ಸಂದಿತು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಗೂ ಅದೇ ಗತಿ ಒದಗುವದಿತ್ತು. ರೈತರು ಸಾವಿರ ದಿನಗಳಿಗೂ ಮೀರಿ ಧರಣಿ ನಡೆಯಿಸಿದ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವದಾಗಿಯೂ, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಭೂಮಿ ಪಡೆಯುವದಾಗಿಯೂ ಸಾರಿದರು.

ನ್ಯಾಯಾಲಯಗಳ ನಿರ್ಣಯಗಳೂ ಏಕರೂಪವಾಗಿಲ್ಲ. ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ನ್ಯೂ ಲಂಡನ್ ಪಟ್ಟಣದ ಮೊಕದ್ದಮೆಯಲ್ಲಿ, ಆರ್ಥಿಕಾಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂದು ಐವರು-ನಾಲ್ವರ ಬಹುಮತದಿಂದ ತೀರ್ಪಿತ್ತಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಬೆಂಗಳೂರಿನ ಕೋಡಿಹಳ್ಳಿಯ ಮೊಕದ್ದಮೆಯಲ್ಲಿ, ಪ್ರವಾಸೋದ್ಯಮ ನಿಗಮದ ಹೆಸರಿನಲ್ಲಿ ಪಡೆದ ಭೂಮಿಯನ್ನು ಖಾಸಗಿಯವರಿಗೆ ವರ್ಗಾಯಿಸಿದ್ದನ್ನು ಮಾನ್ಯಮಾಡಲಿಲ್ಲ.

2013ರ ಕೇಂದ್ರ ಕಾಯದೆಯು ಖಾಸಗಿ ಕಂಪನಿಗಾದರೆ ಬಾಧಿತರಲ್ಲಿ ನೂರಕ್ಕೆ 80ರ, ಸರಕಾರ-ಖಾಸಗಿ ಸಹಭಾಗಿತ್ವಕ್ಕಾದರೆ 70ರ ಸಮ್ಮತಿಯನ್ನು ವಿಧಿಸಿತು. ಭೂಮಿಯಿಲ್ಲದಿದ್ದರೂ ಅದನ್ನೇ ನಂಬಿ ಬಾಳುವ ಕೂಲಿಕಾರನನ್ನೂ ಬಾಧಿತನೆಂದು ಎಣಿಸಿತು. 1966ರ ಕಾಯದೆಯಲ್ಲಿ ಆಕ್ಷೇಪಣೆಗೆ ಅವಕಾಶವುಂಟು. ಇಂಥ ಸಮ್ಮತಿಯ ನಿಯಮವಿಲ್ಲ.

ಆದುದರಿಂದ ರೈತನ ಹೊಲವು ಉಳಿಯುವದೋ ಅಳಿಯುವದೋ ಎಂಬದು ಉದ್ದೇಶದ ಗುಣಕ್ಕಿಂತ, ಸರಕಾರವು ಆಯ್ದ ಕಾಯದೆಯನ್ನೇ ಹೆಚ್ಚಾಗಿ ಅವಲಂಬಿಸಿದೆ. ಭೂಮಿಯನ್ನು ಪಡೆಯುವವರು ಯಾರೆಂಬದರಿಂದಲೇ ‘ಸಾರ್ವಜನಿಕ’ವೆಂಬ ಪದದ ಅರ್ಥವು ನಿರ್ಣಯವಾಗದು, ಕಡೆಗೆ ಅನುಭವಿಸುವವರು ಯಾರು, ಕಳೆದುಕೊಂಡವರು ಒಪ್ಪಿದ್ದರೇ ಎಂಬೆರಡು ಪ್ರಶ್ನೆಗಳಿಗೂ ಉತ್ತರ ದೊರೆಯಬೇಕು.